ತಪ್ಪಿಗೊಂದು ಗೂಡು

೨ ನವೆಂಬರ್ ೧೯೯೭, ಭಾನುವಾರ

ಜಯಂತ ಬಂದಿದ್ದ, ನನ್ನ ತಮ್ಮನ ಮಗ. ಚನ್ನರಾಯಪಟ್ಟಣದ ನಮ್ಮ ತವರುಮನೆಯಲ್ಲಿ ಚಡ್ಡಿ ಜಾರಿಸಿಕೊಂಡು ನನ್ನ ಸೆರಗು ಹಿಡಿದು ಓಡಾಡುತ್ತಿದ್ದವನು ಈಗ ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ತಾನೂ ಇನ್ನೊಂದು ದೊಡ್ಡ ಪರೀಕ್ಷೆಗೆ ಓದುತ್ತಿದ್ದಾನೆ. ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಬಂದ. ಹಾಡು ಕೇಳಿಸುತ್ತಾನೇನೋ ಅಂದುಕೊಂಡರೆ ಅದಕ್ಕೆ ನನ್ನ ಮಾತು ಬೇಕಂತೆ.

"ಅತ್ತೆ, ನೀವು ಎಕ್ಸ್‌ಪರ್ಟು" ಅಂದ.

"ಏನರಲ್ಲೋ?"

"ತಪ್ಪಿನಲ್ಲಿ."

ಇವರು ಪೂಜೆ ಕೋಣೆಯಿಂದಲೇ ನಕ್ಕರು. "ನಲವತ್ತೈದು ವರ್ಷ ನನ್ನ ತಪ್ಪು ಹುಡುಕಿ ಹುಡುಕಿ ಆಗಿರೋದಪ್ಪ. ಸರ್ಟಿಫಿಕೇಟು ಬೇಕಿದ್ರೆ ನಾನೇ ಬರೆದುಕೊಡ್ತೀನಿ."

ವಿಷಯ ಇಷ್ಟು. ಸಂಜೆ ಹೊತ್ತು ನಮ್ಮ ಜಗಲಿಗೆ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತವೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಈ ಹೊಳೆನರಸೀಪುರಕ್ಕೆ ಬಂದಮೇಲೆ ಮೈದುನಂದಿರು ಪಾಠ ಒಪ್ಪಿಸುವಾಗ ನಾನು ಪಕ್ಕದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದೆನಲ್ಲ, ಮಿಕ್ಕಿದ್ದೆಲ್ಲ ಆಗ ಕಿವಿಗೆ ಬಿದ್ದದ್ದು. ಮಗು ಉತ್ತರ ತಪ್ಪು ಬರೆದರೆ ಬೇರೆಯವರು ಅಡ್ಡ ಗೀಟು ಹಾಕುತ್ತಾರೆ. ನಾನು ಇದು ಯಾವ ದಾರಿಯಲ್ಲಿ ನಡೆದು ಇಲ್ಲಿಗೆ ಬಂತು ಅಂತ ನೋಡುತ್ತೇನೆ. ಆ ನೋಡುವುದನ್ನು ಕಂಪ್ಯೂಟರಿಗೆ ಹೇಳಿಕೊಡಬೇಕಂತೆ. ಎಕ್ಸ್‌ಪರ್ಟ್ ಸಿಸ್ಟಮ್ ಅಂತ ಅದರ ಹೆಸರು. ಯಾವುದೋ ಊರಿನ ಮೇಷ್ಟ್ರು ತಪ್ಪು ಲೆಕ್ಕ ಬರೆದು ಹಾಕಿದರೆ, ಮಗು ಎಲ್ಲಿ ಎಡವಿದೆ ಅಂತ ಅದು ಹೇಳಬೇಕು.

"ಅದಕ್ಕೇನು, ಕೇಳು. ನೋಡಿದ ತಕ್ಷಣ ಹೇಳಿಬಿಡ್ತೀನಿ" ಅಂದೆ.

"ಆ ತಕ್ಷಣದೊಳಗೆ ಏನೇನು ನಡೆಯತ್ತೆ ಅನ್ನೋದೇ ನಂಗೆ ಬೇಕಾಗಿರೋದು ಅತ್ತೆ."

ಏನು ನಡೆಯುತ್ತದೆ? ನನಗೇ ಗೊತ್ತಿಲ್ಲ. ಅವನು ಬಸ್ಸಿಗೆ ಹೊರಡುವತನಕ ಯೋಚನೆ ಮಾಡಿದೆ.

ಊಟವಾದಮೇಲೆ ಮಾಮೂಲಿನಂತೆ ಚೌಕಾಬಾರ. ಕವಡೆ ಬಿದ್ದಮೇಲೆ ಕಿರುಬೆರಳಲ್ಲಿ ಒಂದನ್ನು ಮಗುಚುವುದು ಇವರ ಹಳೇ ವಿದ್ಯೆ. ಊರಿಗೆಲ್ಲ ಪಂಚಾಂಗ ನೋಡಿ ಒಳ್ಳೆಯ ದಿನ ಹೇಳುವ ಪುರೋಹಿತರು, ಆಟಕ್ಕೆ ಕೂತರೆ ಶುದ್ಧ ಕಳ್ಳ. ಇವತ್ತೂ ಮಗುಚಿದರು, ಕೈಮೇಲೆ ಹೊಡೆದೆ. "ಪೆಟ್ಟಾದವನಿಗೆ ಮತ್ತೆ ಪೆಟ್ಟು ಕೊಡ್ತೀಯಲ್ಲೇ" ಅಂದರು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಅಟ್ಟದಿಂದ ಹಂಡೆ ತೆಗೆಯುವಾಗ ತೊಲೆಗೆ ತಲೆ ಬಡಿಸಿಕೊಂಡಿದ್ದರು. ಊತ ಇಳಿದಿದೆ. ನಾನು ಹಚ್ಚಿದ ಅರಿಶಿನ ಮಾತ್ರ ಹಾಗೇ ಇದೆ.

೯ ನವೆಂಬರ್, ಭಾನುವಾರ

ಜಯಂತ ಇರುವಾಗಲೇ ಹೊಳೆಯಾಚೆಯ ನಂಜಮ್ಮ ಮೊಮ್ಮಗಳು ಭವ್ಯಶ್ರೀಯನ್ನು ಎಳೆದುಕೊಂಡು ಬಂದಳು.

"ಅಮ್ಮೋರೆ, ಈ ಮಗೀಗೆ ತಲೇಲಿ ಏನೂ ಇಲ್ಲ ಕಣಮ್ಮೋರೆ. ಇಸ್ಕೂಲಲ್ಲೂ ಅಂಗೇ ಅಂದ್ರು. ದನ ಕಾಯಕ್ಕೆ ಬುಟ್ಬುಡದಾ ಅಂತಿವ್ನಿ."

ಸ್ಲೇಟು ನೋಡಿದೆ. ಐವತ್ತೆರಡರಲ್ಲಿ ಹದಿನೇಳು ಹೋದರೆ ನಲವತ್ತೈದು. ಎಂಬತ್ತಮೂರರಲ್ಲಿ ಇಪ್ಪತ್ತೊಂಬತ್ತು ಹೋದರೆ ಅರವತ್ತಾರು. ಅರವತ್ತರಲ್ಲಿ ಇಪ್ಪತ್ತನಾಲ್ಕು ಹೋದರೆ ನಲವತ್ತನಾಲ್ಕು.

"ಇದೆ ನಂಜಮ್ಮ, ತಲೇಲಿ ತುಂಬಾ ಇದೆ" ಅಂದೆ.

"ಮೂರೂ ತಪ್ಪಲ್ವಾ ಮತ್ತೆ?"

"ಮೂರೂ ಒಂದೇ ತಪ್ಪು. ತಲೇಲಿ ಏನೂ ಇಲ್ಲದವಳಿಗೆ ಒಂದೇ ತಪ್ಪನ್ನ ಮೂರು ಸಲ ಮಾಡೋಕಾಗಲ್ಲ. ಮೇಲಿರೋದೋ ಕೆಳಗಿರೋದೋ ನೋಡದೆ, ಪ್ರತಿ ಮನೇಲೂ ದೊಡ್ಡದರಿಂದ ಚಿಕ್ಕದನ್ನ ಕಳೀತಾಳೆ. ಪಕ್ಕದ ಮನೆಯಿಂದ ಒಂದು ಹತ್ತು ತರಬಹುದು ಅಂತ ಇವಳಿಗೆ ಯಾರೂ ಹೇಳಿಲ್ಲ."

ಹುಡುಗಿ ತಲೆ ಎತ್ತಿ ಅಜ್ಜಿಯ ಮುಖ ನೋಡಿತು. ಆ ನೋಟದಲ್ಲಿ ಒಂದು ವರ್ಷದ ಸೇಡು ಇತ್ತು!

ಜಯಂತ ಟೇಪ್ ನಿಲ್ಲಿಸಿ ತೊಡೆ ತಟ್ಟಿದ. "ಸಿಕ್ಕಿತು ಅತ್ತೆ. ನೀವು ಉತ್ತರವನ್ನ ಹೊಸದಾಗಿ ಕಟ್ಟೋದಿಲ್ಲ. ತಪ್ಪುಗಳು ನಿಮ್ಮ ತಲೇಲಿ ಬಗೆಬಗೆಯಾಗಿ ಮೊದಲೇ ವಿಂಗಡ ಆಗಿವೆ. ಇದು ಯಾವ ಬಗೆ ಅಂತ ಗುರುತು ಹಿಡೀತೀರಿ, ಅಷ್ಟೇ."

ಹೌದಲ್ಲ ಅನ್ನಿಸಿತು. ನಡುಮನೆ ಗೋಡೆಯಲ್ಲಿ ಗೂಡುಗಳಿವೆಯಲ್ಲ, ದೀಪಕ್ಕೊಂದು, ಕುಂಕುಮದ ಬಟ್ಟಲಿಗೊಂದು, ಇವರ ನಶ್ಯದ ಡಬ್ಬಿಗೊಂದು, ಹಾಗೆ. ಮೊದಲು ನಲವತ್ತೈದು, ಅರವತ್ತಾರು ಅನ್ನುವುದನ್ನೆಲ್ಲ ಬಿಟ್ಟು 'ದೊಡ್ಡದರಿಂದ ಚಿಕ್ಕದು ಕಳೆಯುವವಳು' ಅಂತ ಒಂದು ಮಾತಿಗೆ ತರುತ್ತೇನೆ. ಆ ಮಾತು 'ಹತ್ತು ತರಲು ಬಾರದವರ' ಗೂಡಿಗೆ ಹೋಗುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ, ಅದೇ ಗೂಡಿನಲ್ಲಿ ಯಾವ ಮೂಲೆ ಅಂತ ನೋಡುತ್ತೇನೆ. ಹೇಳಿಯೇ ಕೊಡದವರು, ಹೇಳಿಕೊಟ್ಟರೂ ಮರೆತವರು, ಹತ್ತು ತಂದು ಪಕ್ಕದ ಮನೆಯಲ್ಲಿ ಒಂದು ಕಡಿಮೆ ಮಾಡದವರು.

"ಯಂತ್ರವೂ ಹಾಗೇ ಮಾಡತ್ತೆ. ಆದರೆ ಗೂಡು ಕೊರೆಯೋಕೆ ಅದಕ್ಕೆ ಬರಲ್ಲ. ನೀವು ಕೊಟ್ಟಷ್ಟೇ" ಅಂದ.

"ಯಾವುದಕ್ಕೂ ಸೇರದಿದ್ದರೆ?"

"ಅದಕ್ಕೂ ಏನಾದರೂ ಹೇಳಬೇಕಲ್ಲ. ಮುಂದಿನ ವಾರ ಯೋಚನೆ ಮಾಡಿಟ್ಟಿರಿ."

ಅವನು ಹೋದಮೇಲೆ ಮನೆಯವರನ್ನೂ ಬೀದಿಯವರನ್ನೂ ಗೂಡಿಗೆ ಹಾಕುತ್ತ ಕೂತೆ, ಮಜವಾಗಿತ್ತು. ನಮ್ಮ ಮಗಳು ರಂಜನಿ ಮೂಗಿನ ತುದಿಯಲ್ಲಿ ಕೋಪ ಇರುವವರ ಗೂಡು. ಎದುರು ಮನೆಯ ಮಾಯಮ್ಮ ಕೇಳದೆ ಬುದ್ಧಿ ಹೇಳುವವರ ಗೂಡು. ಇವರಂತೂ ಗೊತ್ತೇ ಇದೆ, ಕಳ್ಳರ ಗೂಡು.

೧೨ ನವೆಂಬರ್

ಚೌಕಾಬಾರದಲ್ಲಿ ಇವತ್ತು ಇವರು ಒಂದೇ ಗರಕ್ಕೆ ಎರಡು ಸಲ ಕಾಯಿ ನಡೆಸಿದರು. ಹಿಡಿದೆ. "ಹೌದಾ?" ಅಂತ ಮುಖ ಮಾಡಿದರು. ಎಂಥ ನಟನೆ! ಮೊದಲೆಲ್ಲ ಸಿಕ್ಕಿಬಿದ್ದರೆ ನಗುತ್ತಿದ್ದರು. ಈಗ ಏನೂ ಗೊತ್ತಿಲ್ಲದವರ ಹಾಗೆ ಕೂರುವುದು ಹೊಸ ವರಸೆ.

೧೬ ನವೆಂಬರ್, ಭಾನುವಾರ

ಯಾವ ಗೂಡಿಗೂ ಸೇರದ ತಪ್ಪಿನ ಬಗ್ಗೆ ಜಯಂತನಿಗೆ ಹೇಳಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಸಂಹಿತಾ ಅಂತ ಒಂದು ಹುಡುಗಿ ಬರುತ್ತಿತ್ತು. ಮುತ್ತಿನಂಥ ಲೆಕ್ಕ. ಇದ್ದಕ್ಕಿದ್ದಂತೆ ತಪ್ಪು ಮಾಡತೊಡಗಿತು, ಅದೂ ದಿನಕ್ಕೊಂದು ಥರ. ಒಂದು ದಿನ ಕೂಡುವ ಕಡೆ ಕಳೆದಿದೆ, ಮಾರನೇ ದಿನ ಅದೇ ಲೆಕ್ಕ ಸರಿ, ಅದರಾಚೆಯ ದಿನ ಸಾಲನ್ನೇ ಬಿಟ್ಟಿದೆ. ಸ್ಲೇಟು ಪಕ್ಕಕ್ಕಿಟ್ಟು ಮಗುವನ್ನು ಹತ್ತಿರ ಕೂರಿಸಿಕೊಂಡರೆ ಕಿವಿಯಿಂದ ವಾಸನೆ. ಸೋರುತ್ತಿದೆ, ನೋವು, ಮನೆಯಲ್ಲಿ ಹೇಳಿಲ್ಲ.

"ಅಂದ್ರೆ ನಿಯಮ ಏನು ಅತ್ತೆ?"

"ಮೊದಲು ಕೇಳಬೇಕಾದ್ದು, ಯಾವಾಗಿನಿಂದ? ಮೊದಲಿಂದಲೂ ತಪ್ಪೋ, ಸರಿ ಇದ್ದದ್ದು ನಡುವೆ ಕೆಟ್ಟಿತೋ? ಒಂದೇ ಥರವೋ, ದಿನಕ್ಕೊಂದು ಥರವೋ? ಕೆಲವು ಮಕ್ಕಳು ಬೇಗ ಆಟಕ್ಕೆ ಬಿಡಲಿ ಅಂತ ಪಕ್ಕದವರದ್ದು ನೋಡಿ ಬರೀತಾವೆ. ಆ ತಪ್ಪಲ್ಲಿ ಯಾವಾಗಲೂ ಅವಕ್ಕೇ ಲಾಭ. ಲಾಭವೂ ಇಲ್ಲ, ಒಂದೇ ಥರವೂ ಅಲ್ಲ, ನಡುವೆ ಶುರುವಾಗಿದ್ದು ಅಂತಾದರೆ, ಲೆಕ್ಕ ಬಿಡಿ, ಮಗುವನ್ನು ನೋಡಿ."

ಬರೆದುಕೊಂಡ. ಆ ಕೊನೇ ಮಾತನ್ನು ಹಾಗೇ ಯಂತ್ರದಲ್ಲಿ ಹಾಕುತ್ತಾನಂತೆ. ಸ್ವಲ್ಪ ಹೆಮ್ಮೆ ಆಯಿತು. ಸುಳ್ಳು ಯಾಕೆ ಬರೆಯಲಿ, ಸುಮಾರಾಗಿಯೇ ಆಯಿತು.

ಇವರಿಗೆ ಜಯಂತನ ಮೇಲೆ ಎಷ್ಟು ಅಕ್ಕರೆ ನೋಡು. "ಊಟ ಆಯ್ತೇನೋ?" ಅಂತ ಮೂರು ಸಲ ಕೇಳಿದರು. ಮೂರನೇ ಸಲ ಅವನು ಇವರ ಜೊತೆಗೇ ಊಟಕ್ಕೆ ಕೂತಿದ್ದ. ಎಲ್ಲರೂ ನಕ್ಕೆವು.

೨೧ ನವೆಂಬರ್

ಬೆಳಿಗ್ಗೆ ಬೈರಯ್ಯ ಬಂದು ಜಗಲಿಯಲ್ಲಿ ಕೂತ. ಮಗಳ ಹೊಸ ಮನೆ ಒಕ್ಕಲಿಗೆ ದಿನ ಕೇಳಲು ಮಂಗಳವಾರವೂ ಬಂದಿದ್ದ.

"ಸ್ವಾಮ್ಯಾರು ಅವತ್ತು ಬುಧ್ವಾರ ಅಂದ್ರು. ಇವತ್ತು ದಾರೀಲಿ ಸಿಕ್ದಾಗ ಕೇಳುದ್ರೆ ಸುಕ್ರುವಾರ ಅಂತಾರೆ. ಯಾವ್ದು ಮಡೀಕಳಿ ಅಮ್ಮೋರೆ?"

"ನೀನು ಸರಿಯಾಗಿ ಕೇಳಿಸಿಕೊಂಡಿರಲ್ಲ ಬೈರಯ್ಯ."

"ನನ್ ಕಿವಿ ಚಂದಾಗವೆ ಬುಡಿ" ಅಂದ, ಮೆಲ್ಲಗೆ.

ಬೈರಯ್ಯ ಒಂದು ಕೇಳಿ ಒಂದು ಹೇಳುವವನು, ಅವನ ಗೂಡು ನನಗೆ ಗೊತ್ತು. ಆದರೂ ಇವರನ್ನು ಕೇಳಿದೆ. ರೇಗಿದರು. "ನನ್ನ ಪಂಚಾಂಗಕ್ಕೂ ಅಡ್ಡಗೀಟು ಹಾಕೋಕೆ ಬಂದ್ಯಾ?" ಇವರು ನನ್ನ ಮೇಲೆ ದನಿ ಎತ್ತುವುದು ಅಪರೂಪ. ಆಮೇಲೆ ತಲೆನೋವು ಅಂತ ಮಲಗಿದರು. ಚೌಕಾಬಾರ ಆಡಲಿಲ್ಲ.

೨೭ ನವೆಂಬರ್

ದೇವಸ್ಥಾನದಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಎಡಗಾಲಿನದು ದಾರಿಯಲ್ಲಿ ಎಲ್ಲೋ ಕಳಚಿಹೋಗಿದೆ, ಗೊತ್ತೇ ಆಗಿಲ್ಲ. ಮಾಯಮ್ಮ ಎತ್ತಿಕೊಂಡು ಬಂದು ಕೊಟ್ಟು, "ಡಾಕ್ಟ್ರಿಗೆ ತೋರಿಸ್ರೀ" ಅಂದಳು. ಕೇಳದೆ ಬುದ್ಧಿ ಹೇಳುವವಳು. ಬಾರು ಸಡಿಲವಾಗಿತ್ತು, ಹೊಲಿಸಿದರಾಯಿತು.

೩ ಡಿಸೆಂಬರ್

ಮಗಳು ರಂಜನಿ ಅರಕಲಗೂಡಿನಿಂದ ಬಂದಿದ್ದಳು, ಸ್ಕೂಲಿಗೆ ಒಂದು ದಿನ ರಜ ಹಾಕಿ. ಅವಳು ಅಲ್ಲಿ ಟೀಚರು. ಅಪ್ಪ ಅವಳ ಮಾವನ ಹೆಸರು ಮರೆತರು. ತಟ್ಟೆಯ ಎಡಗಡೆ ಬಡಿಸಿದ ಪಲ್ಯ ಮುಟ್ಟಲಿಲ್ಲ. ಲೋಟ ಕೈಜಾರಿತು.

ಹಿತ್ತಲಿಗೆ ಕರೆದುಕೊಂಡು ಹೋದಳು. "ಅಮ್ಮಾ, ಅಪ್ಪಂಗೆ ಅರಳುಮರಳು. ನಿಂಗೆ ಕಾಣ್ತಿಲ್ವಾ?"

"ನಿಮ್ಮಪ್ಪ ನಾಟಕ ಆಡ್ತಾರೆ ಕಣೇ. ನಿನ್ನೆ ಆಟದಲ್ಲಿ ನೋಡಬೇಕಿತ್ತು."

"ಏನಮ್ಮಾ ನಾಟಕ? ಅರವತ್ತೆಂಟು ವರ್ಷ ಆಯ್ತು. ಎಲ್ಲರಿಗೂ ಆಗೋದೇ. ಒಪ್ಪಿಕೊಂಡು ನೋಡಿಕೊಳ್ಳಬೇಕು ಅಷ್ಟೇ."

"ನೀನು ಒಪ್ಪಿಕೋ ಹೋಗು" ಅಂದೆ. ಅತ್ತಳು. ನಾನು ಅಳಲಿಲ್ಲ. ಬಸ್ಸು ಹತ್ತಿಸಿ ಬರುವಾಗ, ಅವಳದು ಕೋಪವೇ ಆಗಿರಲಿಲ್ಲ ಅನ್ನಿಸಿತು. ಅದು ಬೇರೆ ಏನೋ.

೮ ಡಿಸೆಂಬರ್

ಬಸ್ಸು ಹತ್ತಿಸುವಾಗ ರಂಜನಿಗೆ ಮಾತು ಕೊಟ್ಟಿದ್ದೆ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ನಮ್ಮ ಬೀದಿಗೆಲ್ಲ ಅವರೇ. ಬಿಪಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು.

"ಎಲ್ಲಾದರೂ ಬಿದ್ದಿದ್ರಾ?"

"ಇಲ್ಲ ಡಾಕ್ಟ್ರೇ, ಬಿದ್ದಿಲ್ಲ."

"ಹಾಗಾದರೆ ವಯಸ್ಸಮ್ಮಾ. ನಿಧಾನವಾಗಿ ಹೀಗಾಗತ್ತೆ. ಟಾನಿಕ್ ಬರೆದಿದ್ದೀನಿ."

ರಂಜನಿ ಹೇಳಿದ್ದೂ ಅದೇ, ಈಗ ಡಾಕ್ಟರೂ ಅದೇ. ನಿಧಾನವಾಗಿ ಅಂದರಲ್ಲ. ಗೌರಿಹಬ್ಬದಲ್ಲಿ ಇವರು ಒಂದೂ ಅಕ್ಷರ ತಪ್ಪದೆ ಅರ್ಧ ದಿನ ಮಂತ್ರ ಹೇಳಿದವರು. ಹೋಗಲಿ. ನನಗಿಂತ ಅವರಿಗೆ ಗೊತ್ತು.

೧೧ ಡಿಸೆಂಬರ್

ಆಟದಲ್ಲಿ ನಾನು ಗೆದ್ದೆ. ಒಳಸುತ್ತಿನಲ್ಲಿ ಇವರು ಎದುರು ದಿಕ್ಕಿಗೆ ಹೊರಟರು. ಹೊಡೆಯಲು ಸಿಕ್ಕ ನನ್ನ ಕಾಯಿಯನ್ನು ಹೊಡೆಯದೆ ದಾಟಿದರು. ಆಮೇಲೆ ನನ್ನ ಕಾಯಿಯನ್ನೇ ತೆಗೆದುಕೊಂಡು ನನಗಾಗಿ ನಡುವಿನ ಮನೆಗೆ ನಡೆಸಿ ಹಣ್ಣು ಮಾಡಿಕೊಟ್ಟರು. ಗೆದ್ದ ಖುಷಿಯೇ ಇಲ್ಲ.

೧೪ ಡಿಸೆಂಬರ್, ಮೈಸೂರು, ಆಸ್ಪತ್ರೆಯ ಬೆಂಚಿನ ಮೇಲೆ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಕೈ ಸುಮ್ಮನೆ ಇರಲಾರದು, ಅದಕ್ಕೆ.

ನಿನ್ನೆ ಶನಿವಾರ ಬೆಳಿಗ್ಗೆ ಜಯಂತ ಹಾಸನಕ್ಕೆ ಕರೆದುಕೊಂಡು ಹೋದ. ಯಂತ್ರ ಸಿದ್ಧವಾಗಿದೆ, ಎಕ್ಸ್‌ಪರ್ಟೇ ಪರೀಕ್ಷೆ ಮಾಡಬೇಕು ಅಂತ. ಇವರ ಹತ್ತಿರ ನಂಜಮ್ಮನನ್ನು ಕೂರಿಸಿ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಯೊಳಗೆ ಹೋದರೆ ಗರ್ಭಗುಡಿಯ ಹಾಗೆ ತಣ್ಣಗಿತ್ತು. ಪರದೆಯ ಮೇಲೆ ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತದೆ, ಜಯಂತ ಓದಿ ಹೇಳುತ್ತಾನೆ, ನಾನು ಹೇಳಿದ್ದನ್ನು ಒತ್ತುತ್ತಾನೆ. ಭವ್ಯಶ್ರೀಯ ಲೆಕ್ಕ ಕೊಟ್ಟೆವು. ಎರಡು ಪ್ರಶ್ನೆ ಕೇಳಿ, ಹತ್ತು ತರಲು ಹೇಳಿಕೊಟ್ಟಿಲ್ಲ ಅಂದಿತು. ಇನ್ನೂ ನಾಲ್ಕು ಮಕ್ಕಳದ್ದು ಕೊಟ್ಟೆವು. ಮೂರು ಸರಿ ಹೇಳಿತು, ಒಂದು ತಪ್ಪಿತು. ತಪ್ಪಿದ್ದು ಯಾಕೆ ಅಂತ ನೋಡಿದರೆ ನಾನೇ ಒಂದು ಪ್ರಶ್ನೆ ಹೇಳಿಕೊಡಲು ಮರೆತಿದ್ದೆ.

ಆಗ ನನಗೆ ಚೇಷ್ಟೆ ಹೊಳೆಯಿತು.

"ಒಬ್ಬ ದೊಡ್ಡ ಹುಡುಗ ಇದ್ದಾನೆ. ಚೌಕಾಬಾರದಲ್ಲಿ ತಪ್ಪು ತಪ್ಪು ನಡೆಸ್ತಾನೆ. ಕಳ್ಳ ಅಂತ ಬರಬೇಕು ನೋಡು. ಪ್ರಿಂಟ್ ತೆಗೆದುಕೊಡು, ಗೋಡೆಗೆ ಅಂಟಿಸ್ತೀನಿ."

ಜಯಂತ ನಗುತ್ತಲೇ ಓದಿದ. "ತಪ್ಪು ಪ್ರತಿಸಲ ಒಂದೇ ಥರವೇ?"

"ಅಲ್ಲ. ದಿನಕ್ಕೊಂದು ಥರ."

"ತಪ್ಪಿನಿಂದ ಲಾಭ ಅವನಿಗೇ ಆಗ್ತಿದೆಯೇ?"

"ಮತ್ತೆ? ಹೌದು ಅಂತ..." ಅಂದವಳು ನಿಲ್ಲಿಸಿದೆ. ಗುರುವಾರದ ಆಟ ಕಣ್ಣ ಮುಂದೆ ಬಂತು. ನನ್ನ ಕಾಯಿ ಹಣ್ಣು ಮಾಡಿಕೊಟ್ಟದ್ದು. ಯಾವ ಕಳ್ಳ ಹಾಗೆ ಮಾಡುತ್ತಾನೆ? "ಇಲ್ಲ ಅಂತ ಹಾಕು."

"ಮೊದಲಿನಿಂದಲೂ ಇದೆಯೇ, ನಡುವೆ ಶುರುವಾಯಿತೇ?"

ಕವಡೆ ಮಗುಚುವುದು ಮೊದಲಿಂದಲೂ ಇದೆ. ಆದರೆ ಅದು ನಿಂತುಹೋಗಿ ತಿಂಗಳಾಗಿದೆ. ನಾನು ನೋಡಿಯೇ ಇರಲಿಲ್ಲ.

"ನಡುವೆ."

"ಒಂದು ದಿನ ಸರಿಯಿದ್ದು ಒಂದು ದಿನ ಕೆಡತ್ತೆಯೇ?"

"ಹೌದಪ್ಪ."

ಪರದೆಯ ಮೇಲೆ ಒಂದು ಸಾಲು ಬಂತು. ಜಯಂತ ಅದನ್ನು ಓದಲಿಲ್ಲ. ಓದುವುದು ಬೇಕೂ ಇರಲಿಲ್ಲ. ನನ್ನ ಮಾತು ನನಗೆ ಗೊತ್ತಿಲ್ಲವೇ? ಲೆಕ್ಕ ಬಿಡಿ, ಮಗುವನ್ನು ನೋಡಿ.

ಆ ಯಂತ್ರದಲ್ಲಿ ವಯಸ್ಸು ಅನ್ನುವ ಗೂಡೇ ಇರಲಿಲ್ಲ. ಮಕ್ಕಳಿಗೆ ಅದು ಬೇಡ ಅಂತ ನಾನು ಹೇಳಿಕೊಟ್ಟಿರಲಿಲ್ಲ. ನಮಗೆಲ್ಲ ಆ ಗೂಡು ಕೈಗೆಟಕುವ ಹಾಗಿತ್ತು, ಇವರನ್ನು ಅದರಲ್ಲಿ ಇಟ್ಟುಬಿಟ್ಟಿದ್ದೆವು. ನಾನು ಅದಕ್ಕೂ ಮುಂಚೆ ಇನ್ನೊಂದರಲ್ಲಿ ಇಟ್ಟಿದ್ದೆ.

"ಅತ್ತೆ, ಇದು ಮಾವನ ವಿಷಯವಾ?" ಅಂದ ಜಯಂತ. "ಯಾವಾಗಿನಿಂದ?"

"ದೀಪಾವಳಿ ಆದಮೇಲೆ."

"ದೀಪಾವಳೀಲಿ ಏನಾಯ್ತು?"

"ಏನೂ ಆಗಲಿಲ್ಲ. ಬೀಳಲಿಲ್ಲ, ಜ್ವರ ಬರಲಿಲ್ಲ..." ಅಷ್ಟು ಹೇಳುವಾಗಲೇ ತೊಲೆ ಕಂಡಿತು. ಬಿದ್ದಿದ್ರಾ ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ದೆ. ಬೀಳಲಿಲ್ಲ, ಸತ್ಯವೇ. ತೊಲೆಗೆ ತಲೆ ಬಡಿದು, ನಿಂತಲ್ಲೇ ನಿಂತು, ಹಂಡೆ ಇಳಿಸಿಯೇ ಬಂದರು.

ಹೊಳೆನರಸೀಪುರದ ಬಸ್ಸು ಎಷ್ಟು ನಿಧಾನ ಅಂತ ನಿನ್ನೆ ಗೊತ್ತಾಯಿತು. ಮನೆ ಬಾಗಿಲಲ್ಲಿ ನಂಜಮ್ಮ ನಿಂತಿದ್ದಳು. "ಸ್ವಾಮ್ಯಾರು ಉಂಡು ಮನಗ್ದೋರು ಏಳ್ನೇ ಇಲ್ಲ ಕಣಮ್ಮೋರೆ. ಕೂಗುದ್ರೆ ಊಂ ಅಂತಾರೆ, ಅಷ್ಟೆಯ." ಜಯಂತ ಓಡಿಹೋಗಿ ಡಾಕ್ಟರನ್ನೇ ಕರೆತಂದ. ತೊಲೆಯ ವಿಷಯ ಹೇಳುತ್ತಿದ್ದ ಹಾಗೆ ಅವರ ಮುಖ ಬದಲಾಯಿತು. ಎಡಗೈ ಎತ್ತಿ ಬಿಟ್ಟು ನೋಡಿದರು.

"ಬಿದ್ದಿದ್ರಾ ಅಂತ ಕೇಳಿದೆ. ಪೆಟ್ಟಾಗಿತ್ತಾ ಅಂತ ಕೇಳಬೇಕಿತ್ತು" ಅಂದರು. "ತಲೆಯೊಳಗೆ ರಕ್ತ ಸ್ವಲ್ಪಸ್ವಲ್ಪವೇ ಸೇರಿ ಮೆದುಳನ್ನ ಒತ್ತುತ್ತಿರಬಹುದು. ಈಗಲೇ ಮೈಸೂರಿಗೆ ಹೊರಡಿ." ಕಾರನ್ನೂ ಅವರೇ ಹೇಳಿಸಿಕೊಟ್ಟರು. ಕಾರಿನಲ್ಲಿ ಇವರ ತಲೆ ನನ್ನ ತೊಡೆಯ ಮೇಲಿತ್ತು. ಮದುವೆಯಾದ ಹೊಸತರಲ್ಲಿ ಹೀಗೆ ಮಲಗುತ್ತಿದ್ದರು, ಅತ್ತೆ ಇಲ್ಲದಾಗ.

ಸ್ಕ್ಯಾನ್ ಆಯಿತು. ಡಾಕ್ಟರು ಹೇಳಿದ್ದೇ ನಿಜ. ತಲೆಬುರುಡೆಯಲ್ಲಿ ತೂತು ಮಾಡಿ ರಕ್ತ ತೆಗೆಯುತ್ತಾರಂತೆ. ಬದುಕಬಹುದು, ಬದುಕಿದರೂ ಮೊದಲಿನ ಹಾಗೆ ಆಗುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಅಂದರು. ಬಲಗಡೆ ಅಂತೆ. ಅದಕ್ಕೇ ಎಡಗಾಲಿನ ಚಪ್ಪಲಿ. ಅದಕ್ಕೇ ಎಡಗಡೆಯ ಪಲ್ಯ.

ರುಜು ಹಾಕಿದೆ.

೧೫ ಡಿಸೆಂಬರ್

ಆಪರೇಷನ್ ಆಗಿದೆ. ಕಣ್ಣು ಬಿಟ್ಟಿಲ್ಲ. ರಂಜನಿ ಬಂದಿದ್ದಾಳೆ. ನನ್ನ ಪಕ್ಕ ಕೂತಳು. ಇಬ್ಬರೂ ಒಂದೇ ಇಡ್ಲಿ ಹಂಚಿಕೊಂಡು ತಿಂದೆವು.

೧೭ ಡಿಸೆಂಬರ್

ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ಗುರುತು ಹಿಡಿದೇ ನೋಡಿದರೋ, ಸುಮ್ಮನೆ ನೋಡಿದರೋ? ಗೊತ್ತಿಲ್ಲ.

೨೦ ಡಿಸೆಂಬರ್, ಶನಿವಾರ

ಬೆಳಿಗ್ಗೆ ಚಿಕ್ಕ ಡಾಕ್ಟರು ಬಂದಳು. ದಪ್ಪ ಜಡೆಯ ಹುಡುಗಿ, ರಾತ್ರಿಯೆಲ್ಲ ನಿಂತು ಕೆಲಸ ಮಾಡಿ ಕಣ್ಣು ಕೆಂಪಾಗಿತ್ತು. ದಿಂಬಿಗೆ ಒರಗಿಸಿ ಕೂರಿಸಿ ಕೇಳುತ್ತ ಹೋದಳು.

"ನಿಮ್ಮ ಹೆಸರು ತಾತ?"

"ತಿರುನಾರಾಯಣ." ದನಿ ನೂಲಿನ ಹಾಗಿತ್ತು.

"ಇದು ಯಾವ ತಿಂಗಳು?"

"ಮಾರ್ಗಶಿರ. ಬಹುಳ ಪಕ್ಷ. ತಿಥಿ ಕೇಳಬೇಡಮ್ಮ, ಮಲಗಿಸಿಬಿಟ್ಟಿದ್ದೀರಿ." ಡಿಸೆಂಬರ್ ಅಂತ ಬರೆದುಕೊಂಡಿದ್ದ ಹುಡುಗಿ ನನ್ನ ಮುಖ ನೋಡಿದಳು. ಸರಿ ಅಂತ ತಲೆಯಾಡಿಸಿದೆ.

"ನೂರರಿಂದ ಏಳು ಕಳೆದರೆ ಎಷ್ಟು?"

ಇವರು ಹೆಬ್ಬೆರಳಲ್ಲಿ ಬೆರಳ ಗೆಣ್ಣುಗಳನ್ನು ಮುಟ್ಟುತ್ತ, ತುಟಿ ಅಲ್ಲಾಡಿಸಿ, "ತೊಂಬತ್ತನಾಲ್ಕು" ಅಂದರು.

"ಅದರಲ್ಲಿ ಇನ್ನೂ ಏಳು ಹೋದರೆ?"

"ಎಂಬತ್ತೆಂಟು."

"ಇನ್ನೂ ಏಳು?"

"ಎಂಬತ್ತೆರಡು." ಸ್ವಲ್ಪ ತಡೆದು, ಅವಳು ಕೇಳದೆಯೇ, "ಎಪ್ಪತ್ತಾರು."

ಅವಳ ಪೆನ್ನು ನಿಧಾನವಾಯಿತು. ಹೊರಗೆ ಕರೆದು ಹೇಳಿದಳು. "ಅಮ್ಮಾ, ಗಾಬರಿ ಆಗಬೇಡಿ. ಆದರೆ ಒಂದೂ ಸರಿ ಬಂದಿಲ್ಲ. ದೊಡ್ಡ ಡಾಕ್ಟ್ರಿಗೆ ಹೇಳ್ತೀನಿ. ಮತ್ತೆ ರಕ್ತ ಸೇರ್ತಿದ್ಯೋ ಏನೋ, ಇನ್ನೊಂದು ಸ್ಕ್ಯಾನ್ ಬೇಕಾಗಬಹುದು."

ರಂಜನಿ ನನ್ನ ತೋಳು ಹಿಡಿದಳು. ಒಂದೂ ಸರಿ ಇಲ್ಲ. ತೊಂಬತ್ತನಾಲ್ಕು, ಎಂಬತ್ತೆಂಟು, ಎಂಬತ್ತೆರಡು, ಎಪ್ಪತ್ತಾರು. ಅಳುವುದಕ್ಕೆ ಬಾಯಿ ತೆರೆದವಳು ಹಾಗೇ ನಿಂತೆ. ತೊಂಬತ್ತನಾಲ್ಕಕ್ಕೂ ಎಂಬತ್ತೆಂಟಕ್ಕೂ ಆರು. ಎಂಬತ್ತೆಂಟಕ್ಕೂ ಎಂಬತ್ತೆರಡಕ್ಕೂ ಆರು. ಪ್ರತಿಸಲವೂ ಆರೇ.

"ಡಾಕ್ಟರಮ್ಮಾ, ಒಂದು ನಿಮಿಷ ಬನ್ನಿ. ನನಗೂ ಗೊತ್ತಿಲ್ಲ, ನೋಡೋಣ" ಅಂದೆ.

ಒಳಗೆ ಹೋಗಿ ಇವರ ಬಲಗೈ ನನ್ನ ಕೈಯಲ್ಲಿಟ್ಟುಕೊಂಡೆ. "ಏನೂಂದ್ರೆ, ನಿಮ್ಮ ನಕ್ಷತ್ರದಿಂದ ಏಳನೆಯದು ಎಣಿಸಿ."

ಮೊದಲ ಗೆಣ್ಣು ಮುಟ್ಟಿ "ಹಸ್ತ" ಅಂದರು. ಆಮೇಲೆ ಚಿತ್ತೆ, ಸ್ವಾತಿ, ವಿಶಾಖ, ಅನೂರಾಧ, ಜ್ಯೇಷ್ಠ. "ಮೂಲ. ಏಳನೇ ತಾರೆ ಒಳ್ಳೇದಲ್ಲ. ಯಾಕೆ ಕೇಳ್ದೆ?"

ಡಾಕ್ಟರಮ್ಮನಿಗೆ ಹೇಳಿದೆ. ನಕ್ಷತ್ರ ಎಣಿಸುವವರು ಎಲ್ಲಿಂದ ಹೊರಡುತ್ತಾರೋ ಅದನ್ನೂ ಸೇರಿಸಿ ಎಣಿಸುತ್ತಾರೆ. ಹಸ್ತವೇ ಒಂದು. ಹಾಗೆಯೇ ನೂರೇ ಒಂದು, ತೊಂಬತ್ತೊಂಬತ್ತು ಎರಡು. ಏಳನೆಯದು ತೊಂಬತ್ತನಾಲ್ಕು. ಐವತ್ತು ವರ್ಷ ಗೆಣ್ಣಿನ ಮೇಲೆ ಇದನ್ನೇ ಎಣಿಸಿದ ಕೈ. ನಲವತ್ತೈದು ವರ್ಷದಲ್ಲಿ ಊರ ಮಕ್ಕಳ ಲೆಕ್ಕವೆಲ್ಲ ನೋಡಿದೆ, ಇವರ ಲೆಕ್ಕ ಒಂದು ದಿನವೂ ನೋಡಿರಲಿಲ್ಲ.

ಹುಡುಗಿಯ ಕಣ್ಣು ಅರಳಿತು. ತಾನೇ ಮಂಚದ ಅಂಚಿನಲ್ಲಿ ಕೂತಳು. "ತಾತ, ಎಂಬತ್ತರಿಂದ ಏಳು ಕಳೀರಿ."

ನಾವು ಮೂವರೂ ಆ ಹೆಬ್ಬೆರಳನ್ನೇ ನೋಡಿದೆವು. ಅದು ಮೊದಲ ಗೆಣ್ಣಿಗೆ ಹೋಯಿತು. ನಿಧಾನವಾಗಿ ಇಳಿಯಿತು.

"ಎಪ್ಪತ್ತನಾಲ್ಕು."

ಅವಳು ನಕ್ಕುಬಿಟ್ಟಳು. ಬರೆದದ್ದರ ಪಕ್ಕದಲ್ಲಿ ಇನ್ನೇನೋ ಬರೆದಳು. ಸ್ಕ್ಯಾನ್ ಬೇಕೋ ಬೇಡವೋ ದೊಡ್ಡ ಡಾಕ್ಟರು ನೋಡಿ ಹೇಳುತ್ತಾರೆ, ಆದರೆ ಈ ತಲೆ ಕೆಲಸ ಮಾಡುತ್ತಿದೆ ಅಂದಳು.

ಇವರು ನಮ್ಮೆಲ್ಲರ ಮುಖ ನೋಡಿದರು. "ಏನೇ, ತಪ್ಪಾಯ್ತಾ?"

"ತಪ್ಪಾಯ್ತು" ಅಂದೆ. "ಎಲ್ಲಾ ತಪ್ಪು."

ಇಷ್ಟು ದಿನ ಬಾರದ ಅಳು ಆಗ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಅಯ್ಯೋ, ಅಷ್ಟಕ್ಕೆಲ್ಲ ಅಳ್ತಾರೇನೇ? ತಾಳು, ಇನ್ನೊಂದ್ಸಲ ಮಾಡ್ತೀನಿ" ಅಂದು, ನೂರರಿಂದ ಮತ್ತೆ ಶುರುಮಾಡಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಇಳಿಯಿತು.

"ತೊಂಬತ್ತನಾಲ್ಕು."